ಕೆಲಸವೇನೋ ಸಿಕ್ಕಿತು, ಇಪ್ಪತ್ತೈದರ ನಂತರವೂ ಉಳಿಯುತ್ತದೆಯೇ?

ಪ್ರತಿ ವರ್ಷ ಪಿಯುಸಿ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ‘ಬಾಲಕಿಯರದ್ದೇ ಮೇಲುಗೈ’ ಎಂಬ ತಲೆಬರಹ ತಪ್ಪುವುದಿಲ್ಲ. 2025ರ ದ್ವಿತೀಯ ಪಿಯುಸಿ ಪರೀಕ್ಷೆಯಲ್ಲಿ ಹುಡುಗಿಯರ ಪೈಕಿ ಶೇ 77.88, ಹುಡುಗರ ಪೈಕಿ ಶೇ 68.20 ಮಂದಿ ತೇರ್ಗಡೆಯಾದರು. ಹೀಗೆ ಮುಂದಿದ್ದ ಹುಡುಗಿಯರು ಹತ್ತು ವರ್ಷದ ನಂತರ ಏನು ಮಾಡುತ್ತಿದ್ದಾರೆ? ಅದರ ಫಲಿತಾಂಶವನ್ನು ಯಾರೂ ಪ್ರಕಟಿಸುವುದಿಲ್ಲ.

ಹೆಣ್ಣುಮಕ್ಕಳ ಸಬಲೀಕರಣದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳುವ ಪದ ಕೌಶಲ. ಹೊಲಿಗೆ ಕಲಿಸೋಣ, ಕಂಪ್ಯೂಟರ್ ಕಲಿಸೋಣ, ಇಂಗ್ಲಿಷ್ ಮಾತಾಡುವುದನ್ನು ಕಲಿಸೋಣ. ಕಲಿತರೆ ಕೆಲಸ, ಕೆಲಸವಿದ್ದರೆ ಸ್ವಾವಲಂಬನೆ. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಇದು ಅರ್ಧ ಕಥೆ. ಕರ್ನಾಟಕದಲ್ಲಿ ಈಗ ಆಗುತ್ತಿರುವುದನ್ನು ಹತ್ತಿರದಿಂದ ನೋಡಿದರೆ, ಹದಿನೆಂಟು–ಇಪ್ಪತ್ತರ ಹುಡುಗಿಗೆ ಕೆಲಸಕ್ಕೆ ಸೇರುವುದು ಹಿಂದಿನಷ್ಟು ಕಷ್ಟವಾಗಿ ಉಳಿದಿಲ್ಲ. ಸೇರಿದ ಕೆಲಸದಲ್ಲಿ ಐದು, ಹತ್ತು ವರ್ಷ ಉಳಿಯುವುದು, ಉಳಿದು ಮೇಲೇರುವುದು ಕಷ್ಟ. ನಮ್ಮ ಯೋಜನೆಗಳೆಲ್ಲ ಬಾಗಿಲವರೆಗೆ ಕರೆತಂದು ಬಿಡುತ್ತವೆ.

ಹುಡುಗಿಯರಿಗೆ ಬೇಡಿಕೆ ಇರುವುದಂತೂ ಕಣ್ಣಿಗೆ ಕಾಣುತ್ತಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಮೊದಲು ವಿಸ್ಟ್ರಾನ್ ನಡೆಸುತ್ತಿದ್ದ ಐಫೋನ್ ಕಾರ್ಖಾನೆ ಈಗ ಟಾಟಾ ಎಲೆಕ್ಟ್ರಾನಿಕ್ಸ್ ಕೈಯಲ್ಲಿದೆ. ದೇವನಹಳ್ಳಿ–ದೊಡ್ಡಬಳ್ಳಾಪುರದ ಕಡೆ ಫಾಕ್ಸ್‌ಕಾನ್ ಕಾರ್ಖಾನೆ ಶುರುವಾಗಿದೆ. ಎರಡೂ ಕಡೆ ಜೋಡಣೆಯ ಲೈನ್‌ಗಳಲ್ಲಿ ಯುವತಿಯರದ್ದೇ ದೊಡ್ಡ ಪಾಲು. ಇದಕ್ಕೂ ಬಹಳ ಹಿಂದಿನಿಂದ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳು ಲಕ್ಷಾಂತರ ಹೆಂಗಸರಿಗೆ ಸಂಬಳ ಕೊಡುತ್ತ ಬಂದಿವೆ. ನಂತರ ಅವೇ ರಾಮನಗರ, ಮದ್ದೂರು, ಶ್ರೀರಂಗಪಟ್ಟಣ, ಹಾಸನದವರೆಗೂ ಹಬ್ಬಿದವು. ಬೆಳಗಿನ ಜಾವ ಈ ಊರುಗಳ ಸರ್ಕಲ್‌ಗಳಲ್ಲಿ ಟಿಫನ್ ಬಾಕ್ಸ್ ಹಿಡಿದು, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಕಂಪನಿ ಬಸ್ಸಿಗೆ ಕಾಯುವ ಹುಡುಗಿಯರ ಗುಂಪು ಈಗ ಯಾರಿಗೂ ಹೊಸದಲ್ಲ. ಅವರ ತಾಯಂದಿರ ಕಾಲದಲ್ಲಿ ಆ ಹೊತ್ತಿನಲ್ಲಿ ಹೆಣ್ಣುಮಗಳು ಸರ್ಕಲ್‌ನಲ್ಲಿ ನಿಂತರೆ ಮನೆಯವರೆಗೂ ಸುದ್ದಿ ಹೋಗುತ್ತಿತ್ತು. ಆ ಬದಲಾವಣೆ ದೊಡ್ಡದು, ಅದನ್ನು ಕಡಿಮೆ ಮಾಡಿ ಹೇಳಬಾರದು.

ಇಂಥ ಕೆಲಸ ಕೈಗೆಟುಕುವಂತಾದರೆ ಹುಡುಗಿಯರ ಬದುಕು ಬದಲಾಗುತ್ತದೆ ಎನ್ನುವುದಕ್ಕೆ ಗಟ್ಟಿ ಸಾಕ್ಷ್ಯವೂ ಇದೆ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಉತ್ತರ ಭಾರತದ ಹಳ್ಳಿಗಳಲ್ಲಿ ಮೂರು ವರ್ಷ ಒಂದು ಪ್ರಯೋಗ ನಡೆಸಿ 2012ರಲ್ಲಿ ಪ್ರಕಟಿಸಿದರು. ಲಾಟರಿ ಎತ್ತಿದಂತೆ ಆರಿಸಿದ ಕೆಲವು ಹಳ್ಳಿಗಳಿಗೆ ಕಾಲ್ ಸೆಂಟರ್‌ನಂಥ ಬಿಪಿಒ ಕಂಪನಿಗಳಿಗೆ ನೇಮಕಾತಿ ಮಾಡುವವರನ್ನು ಕಳಿಸಿ, ಹೆಣ್ಣುಮಕ್ಕಳಿಗೆ ಈ ಕೆಲಸಗಳ ಮಾಹಿತಿ ಕೊಡಿಸಿದರು. ಉಳಿದ ಹಳ್ಳಿಗಳಿಗೆ ಕಳಿಸಲಿಲ್ಲ. ಮೂರು ವರ್ಷದ ಕೊನೆಗೆ, ಮಾಹಿತಿ ಹೋದ ಹಳ್ಳಿಗಳಲ್ಲಿ ಹದಿಹರೆಯದ ಹಾಗೂ ಇಪ್ಪತ್ತರ ಆಸುಪಾಸಿನ ಯುವತಿಯರ ಮದುವೆ ಮತ್ತು ಬಾಣಂತನ ಮುಂದಕ್ಕೆ ಹೋಗಿದ್ದವು, ಅವರು ಹೆಚ್ಚು ಓದಿದ್ದರು, ಕೆಲಸಕ್ಕೂ ಸೇರಿದ್ದರು. ಸಬಲೀಕರಣದ ಭಾಷಣವನ್ನೇನೂ ಅಲ್ಲಿ ಮಾಡಿರಲಿಲ್ಲ. ‘ಓದಿದರೆ ಇಂಥ ಕಡೆ ಇಷ್ಟು ಸಂಬಳದ ಕೆಲಸ ಇದೆ’ ಎಂಬ ನಂಬಬಹುದಾದ ಮಾತೊಂದು ಮನೆಯ ಹಿರಿಯರ ಲೆಕ್ಕಾಚಾರವನ್ನೇ ಬದಲಿಸಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐವರಲ್ಲಿ ಒಬ್ಬಳಿಗೂ ಹೆಚ್ಚು. ಈ ಲೆಕ್ಕ ಇಳಿಯಲು ಕಾನೂನಿನ ಜೊತೆಗೆ ಕೆಲಸವೂ ಬೇಕು.

ಹಾಗಾದರೆ ತೊಂದರೆ ಎಲ್ಲಿ?

ಒಂದು ಲೈನ್‌ನ ಒಳಗೆ ಹೋಗಿ ನೋಡೋಣ. ಗಾರ್ಮೆಂಟ್ಸ್‌ನಲ್ಲಿ ಒಂದು ಶರ್ಟನ್ನು ಯಾರೂ ಪೂರ್ತಿ ಹೊಲಿಯುವುದಿಲ್ಲ. ಒಬ್ಬಳು ಕಾಲರ್ ಕೂರಿಸುತ್ತಾಳೆ, ಇನ್ನೊಬ್ಬಳು ಕಫ್, ಮತ್ತೊಬ್ಬಳು ಜೇಬು. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಇರುತ್ತದೆ, ಬೋರ್ಡಿನ ಮೇಲೆ ಬರೆದೂ ಇರುತ್ತದೆ. ಒಬ್ಬಳ ಬಳಿ ಪೀಸ್ ನಿಂತರೆ ಹಿಂದೆ ಇಡೀ ಲೈನ್ ಕಟ್ಟಿಕೊಳ್ಳುತ್ತದೆ, ಸೂಪರ್‌ವೈಸರ್ ಬಂದು ಕೂಗುತ್ತಾನೆ. ನೀರು ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆ ಎಂದು ನೀರನ್ನೇ ಕಡಿಮೆ ಕುಡಿಯುವವರಿದ್ದಾರೆ. ಸಾಲು ಸಾಲು ಮಷೀನಿನ ಮುಂದೆ ಕುಳಿತವರು ಹೆಂಗಸರು; ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್ ಹೆಚ್ಚಾಗಿ ಗಂಡಸರು. ಹತ್ತು ವರ್ಷ ಕಾಲರ್ ಕೂರಿಸಿದವಳಿಗೆ ಬಟ್ಟೆಯ ವಿಷಯದಲ್ಲಿ ಗೊತ್ತಿರುವಷ್ಟು ಆ ಸೂಪರ್‌ವೈಸರ್‌ಗೆ ಗೊತ್ತಿರದಿದ್ದರೂ ಅವಳು ಟೈಲರ್ ಆಗಿಯೇ ಉಳಿಯುತ್ತಾಳೆ.

ಕೌಶಲ ಕಲಿತರೆ ಸಂಬಳ ತಾನಾಗಿ ಏರುತ್ತದೆಯೇ ಎಂಬ ಪ್ರಶ್ನೆಗೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲೇ ಉತ್ತರ ಸಿಕ್ಕಿದೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಶಧಮ್ ಎಂಬ ಅರ್ಥಶಾಸ್ತ್ರಜ್ಞರು ಇಲ್ಲಿನ ಕಾರ್ಖಾನೆಗಳ ಹೆಂಗಸರಿಗೆ ಕೆಲಸದ ವೇಳೆಯಲ್ಲೇ ಮಾತುಕತೆ, ಸಮಯ ನಿರ್ವಹಣೆ, ಹಣಕಾಸಿನ ತಿಳಿವಳಿಕೆ ಮುಂತಾದವುಗಳ ತರಬೇತಿ ಕೊಟ್ಟಾಗ ಏನಾಗುತ್ತದೆ ಎಂದು ಅಳೆದರು. ತರಬೇತಿ ಪಡೆದವರ ಉತ್ಪಾದಕತೆ ಚೆನ್ನಾಗಿಯೇ ಏರಿತು. ತರಬೇತಿ ಮುಗಿದ ಎಂಟು ತಿಂಗಳಲ್ಲಿ ಕಂಪನಿಗೆ ಖರ್ಚೆಲ್ಲ ಕಳೆದು ಶೇ 250ಕ್ಕೂ ಹೆಚ್ಚು ಲಾಭ ಬಂತು. ಆ ಹೆಂಗಸರ ಸಂಬಳ ಏರಿದ್ದು ಶೇ 0.5ರಷ್ಟು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಕೌಶಲಾಭಿವೃದ್ಧಿಯ ಬಗ್ಗೆ ಮಾತಾಡುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ತರಬೇತಿ ಕೆಲಸ ಮಾಡಿತು. ಅದರ ಫಲ ಮಾತ್ರ ತರಬೇತಿ ಪಡೆದವಳ ಕೈ ಸೇರಲಿಲ್ಲ. ಇದ್ದ ಕಾರ್ಖಾನೆ ಬಿಟ್ಟು ಹೆಚ್ಚು ಸಂಬಳ ಕೊಡುವ ಇನ್ನೊಂದಕ್ಕೆ ಹೋಗುವುದು ಅವಳಿಗೆ ಸುಲಭವಲ್ಲ: ಮನೆಯಿಂದ ದೂರ, ಮಗುವಿನ ಶಾಲೆ, ಸಂಜೆ ಅಡುಗೆಯ ಹೊತ್ತಿಗೆ ಮರಳಲೇಬೇಕು ಎಂಬ ಕಟ್ಟು.

ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ತೊಡಕು ಬೇರೆ ರೂಪದ್ದು. ಅಲ್ಲಿ ಹುಡುಗಿ ಮದುವೆಯಾಗದವಳಾಗಿ, ಹಾಸ್ಟೆಲಿನಲ್ಲಿ ಇರಬಲ್ಲವಳಾಗಿ, ಯಾವ ಶಿಫ್ಟ್ ಕೊಟ್ಟರೂ ಬರುವವಳಾಗಿ ಇರುವುದೇ ಅನುಕೂಲ. 2024ರ ಜೂನ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ತಮಿಳುನಾಡಿನ ಶ್ರೀಪೆರಂಬದೂರಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಮದುವೆಯಾದ ಹೆಂಗಸರನ್ನು ಜೋಡಣೆ ಕೆಲಸಕ್ಕೆ ತೆಗೆದುಕೊಳ್ಳುತ್ತಿಲ್ಲ ಎಂದು ವರದಿ ಮಾಡಿತು. ಕಂಪನಿ ಅದನ್ನು ನಿರಾಕರಿಸಿತು. ಕೇಂದ್ರ ಕಾರ್ಮಿಕ ಸಚಿವಾಲಯ 1976ರ ಸಮಾನ ವೇತನ ಕಾಯ್ದೆಯನ್ನು ಉಲ್ಲೇಖಿಸಿ ರಾಜ್ಯದಿಂದ ವಿವರಣೆ ಕೇಳಿತು. ಬೋರ್ಡಿನ ಮೇಲೆ ಬರೆದು ಹಾಕದಿದ್ದರೂ ಸಂದರ್ಶನದಲ್ಲಿ ‘ಮದುವೆ ಆಗಿದೆಯಾ? ಮಕ್ಕಳು?’ ಎಂದು ಕೇಳುವುದು ನಮ್ಮ ಕಡೆಯೂ ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಹುಡುಗಿಯರೂ ಇದನ್ನು ಒಪ್ಪಿಕೊಂಡುಬಿಟ್ಟಿರುತ್ತಾರೆ. ಮುಂದೇನು ಎಂದು ಕೇಳಿದರೆ ಬರುವ ಉತ್ತರ: ‘ಮದ್ವೆ ಆದ್ಮೇಲೆ ಅವ್ರ ಮನೆಯವ್ರು ಕಳ್ಸಿದ್ರೆ ಬರ್ತೀನಿ.’ ಈ ಒಂದು ವಾಕ್ಯದಲ್ಲಿ ಗಂಡನ ಮನೆಯೂ ಇದೆ, ಕಂಪನಿಯೂ ಇದೆ. ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಸಾಕು.

ಹೆರಿಗೆ ರಜೆಯ ಖರ್ಚು ಹೊರೆಯಾಗುತ್ತದೆ, ಅದಕ್ಕೇ ಕಂಪನಿಗಳು ಹಿಂಜರಿಯುತ್ತವೆ ಎಂಬ ಸಮರ್ಥನೆಯನ್ನು ಆಗಾಗ ಕೇಳುತ್ತೇವೆ. 2017ರಲ್ಲಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದ ಮೇಲೆ ಈ ಮಾತು ಜೋರಾಯಿತು. ಐಟಿ ಕಂಪನಿಯ ಎಂಜಿನಿಯರ್ ವಿಷಯದಲ್ಲಿ ಇದರಲ್ಲಿ ಸ್ವಲ್ಪ ಹುರುಳಿದೆ; ಅಲ್ಲಿ ರಜೆಯ ಸಂಬಳವನ್ನು ಪೂರ್ತಿಯಾಗಿ ಮಾಲೀಕರೇ ಕೊಡಬೇಕು, ಸರ್ಕಾರ ಪಾಲು ಹಾಕುವುದಿಲ್ಲ. ಹಾಕಬೇಕಿತ್ತು. ಆದರೆ ಲೈನ್‌ನಲ್ಲಿ ಕೂರುವ ಹುಡುಗಿಯ ವಿಷಯ ಹಾಗಲ್ಲ. ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರು ಸರ್ಕಾರದ ನೌಕರರ ವಿಮಾ ಯೋಜನೆಯಾದ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ, ಅವರ ಹೆರಿಗೆ ರಜೆಯ ಹಣವನ್ನು ಕೊಡುವುದು ಇಎಸ್‌ಐ. ಗಾರ್ಮೆಂಟ್ಸ್‌ನ ಬಹುತೇಕರು ಇದರೊಳಗೇ ಬರುತ್ತಾರೆ. ಆಕೆ ಗರ್ಭಿಣಿಯಾದರೆ ಕಂಪನಿಯ ಜೇಬಿನಿಂದ ರಜೆಯ ಸಂಬಳ ಹೋಗುವುದಿಲ್ಲ. ಆದರೂ ಆಕೆಯನ್ನು ಬೇಡವೆನ್ನುವುದಕ್ಕೆ ಕಾರಣ ಖರ್ಚಲ್ಲ. ಮದುವೆಯಾದವಳು ಟಾರ್ಗೆಟ್ಟಿಗೆ, ಓವರ್‌ಟೈಮಿಗೆ ಸಿಗುವುದಿಲ್ಲ ಎಂಬ ಎಣಿಕೆ.

ಆ ಎಣಿಕೆಯನ್ನು ಕಾನೂನೇ ಗಟ್ಟಿ ಮಾಡಿತು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ಹೆಂಗಸರು ರಾತ್ರಿ ಪಾಳಿಯಲ್ಲಿ ಕೆಲಸ ಮಾಡಲು ಅದು ದಾರಿ ಮಾಡಿಕೊಟ್ಟಿತು, ಸಾರಿಗೆ ಮತ್ತು ಭದ್ರತೆಯ ಷರತ್ತುಗಳೊಂದಿಗೆ. ಅದನ್ನು ನಾನು ಸ್ವಾಗತಿಸುತ್ತೇನೆ. ರಾತ್ರಿ ಕೆಲಸ ಬೇಡವೆಂದು ಹೇಳುವ ಹಕ್ಕು ಆಕೆಗಿರಬೇಕು, ಆಕೆಯ ಪರವಾಗಿ ಬೇರೆಯವರಿಗಲ್ಲ. ಆದರೆ ಅದೇ ತಿದ್ದುಪಡಿ ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೂ ದುಡಿಸಿಕೊಳ್ಳಲು ಅವಕಾಶ ಕೊಟ್ಟಿತು. ಹನ್ನೆರಡು ಗಂಟೆ ಕೆಲಸ, ಹೋಗಿಬರಲು ಎರಡು ಗಂಟೆ, ಮನೆಗೆ ಬಂದರೆ ಒಲೆ. ಚಿಕ್ಕ ಮಗುವಿರುವ ತಾಯಿ ಇದನ್ನು ಎಷ್ಟು ದಿನ ನಿಭಾಯಿಸಿಯಾಳು? ಒಂದು ಕೈಯಲ್ಲಿ ತೆರೆದ ಬಾಗಿಲನ್ನು ಇನ್ನೊಂದು ಕೈಯಲ್ಲಿ ಮುಚ್ಚಿದಂತಾಯಿತು. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಯೂ ಒಳ್ಳೆಯ ಹೆಜ್ಜೆಯೇ. ಅದು ಲೈನ್‌ನ ಹುಡುಗಿಗೆ ದಕ್ಕಬೇಕಾದರೆ ಒಂದು ದಿನ ತಪ್ಪಿದರೆ ಕೈತಪ್ಪುವ ಅಟೆಂಡೆನ್ಸ್ ಬೋನಸ್ಸಿನ ಪದ್ಧತಿಯನ್ನೂ ಮುಟ್ಟಬೇಕು. ಬೋನಸ್ ಹೋಗುತ್ತದೆ ಎಂದರೆ ರಜೆ ಇದ್ದೂ ಯಾರೂ ಹಾಕುವುದಿಲ್ಲ.

ಹೀಗಲ್ಲದೆ ಬೇರೆ ಹೇಗೆ ಸಾಧ್ಯ ಎಂದು ಕೇಳುವವರಿಗೆ ಬೆಂಗಳೂರಿನದೇ ಹಳೆಯ ಉದಾಹರಣೆ ಇದೆ. 1948ರಲ್ಲಿ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಬಂದವು. ದೂರವಾಣಿನಗರದಲ್ಲಿ ಟೆಲಿಫೋನ್ ಜೋಡಿಸಿದ್ದು, ಜಾಲಹಳ್ಳಿಯಲ್ಲಿ ಎಚ್‌ಎಂಟಿ ಗಡಿಯಾರದ ಕೂದಲೆಳೆಯಂಥ ಭಾಗಗಳನ್ನು ಕೂರಿಸಿದ್ದು ಕೂಡ ದೊಡ್ಡ ಸಂಖ್ಯೆಯಲ್ಲಿ ಹೆಂಗಸರೇ. ಇವತ್ತಿನ ಐಫೋನ್ ಲೈನ್‌ಗೂ ಆ ಕೆಲಸಕ್ಕೂ ಕೈಚಳಕದ ಮಟ್ಟಿಗೆ ಬಹಳ ವ್ಯತ್ಯಾಸವಿಲ್ಲ: ಸಣ್ಣ ಭಾಗ, ಸೂಕ್ಷ್ಮ ಬೆರಳು, ತಾಳ್ಮೆ. ಕೆಲಸದ ಸುತ್ತ ಇದ್ದದ್ದು ಮಾತ್ರ ಬೇರೆ. ಕಾಯಂ ನೌಕರಿ, ಕಾರ್ಖಾನೆಯ ಬಸ್ಸು, ಕ್ಯಾಂಟೀನು, ಕ್ವಾರ್ಟರ್ಸು, ಆಸ್ಪತ್ರೆ, ಹತ್ತಿರದಲ್ಲೇ ಶಾಲೆ. ಮದುವೆಯಾದರು, ಮಕ್ಕಳಾದವು, ಕೆಲಸ ಬಿಡಲಿಲ್ಲ, ನಿವೃತ್ತರಾಗುವವರೆಗೂ ದುಡಿದರು. ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಎಂಜಿನಿಯರ್, ಟೀಚರ್ ಆದರು. ಆ ಸಂಸ್ಥೆಗಳು ಎಲ್ಲರಿಗೂ ಕೆಲಸ ಕೊಡಲಿಲ್ಲ, ಕೊಡಲು ಆಗುತ್ತಲೂ ಇರಲಿಲ್ಲ. ಕೆಲವು ಮುಚ್ಚಿಯೇ ಹೋದವು. ಆ ಕಾಲ ಹಾಗೇ ಮರಳುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹೆಣ್ಣುಮಗಳು ಮೂವತ್ತು ವರ್ಷ ಲೈನ್‌ನಲ್ಲಿ ಇರಲಾರಳು ಎನ್ನುವುದನ್ನು ಆ ಹೆಂಗಸರು ಸುಳ್ಳು ಮಾಡಿ ತೋರಿಸಿದ್ದಾರೆ.

ಕೂಸು ನೋಡಿಕೊಳ್ಳುವವರು ಯಾರು ಎಂಬುದೇ ಇಲ್ಲಿ ನಿರ್ಣಾಯಕ. 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎನ್ನುವುದು ಕಾನೂನು. ಕಾರ್ಖಾನೆಯಲ್ಲಿ ಕೋಣೆ ಇರುತ್ತದೆ, ತೊಟ್ಟಿಲೂ ಇರುತ್ತದೆ. ಆದರೆ ಮಗುವನ್ನು ಎತ್ತಿಕೊಂಡು ತುಂಬಿದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ನಿಂತು ಬರುವ ತಾಯಿ ಎಷ್ಟು ಮಂದಿ? ಕೇಂದ್ರ ಮನೆಯ ಹತ್ತಿರ ಇರಬೇಕು. ರಾಜ್ಯ ಸರ್ಕಾರ ನರೇಗಾ ಕಾರ್ಮಿಕರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂದು ಘೋಷಿಸಿದಾಗ ಸರಿಯಾದ ಜಾಗಕ್ಕೇ ಕೈ ಹಾಕಿತು ಅನ್ನಿಸಿತ್ತು. ನರಸಾಪುರ, ದೊಡ್ಡಬಳ್ಳಾಪುರದ ಸುತ್ತಲಿನ ಪಂಚಾಯಿತಿಗಳಲ್ಲಿ ಕಾರ್ಖಾನೆಗೆ ಹೋಗುವವರ ಮಕ್ಕಳಿಗೂ, ಶಿಫ್ಟಿನ ಹೊತ್ತಿಗೆ ಹೊಂದುವಂತೆ, ಇದೇ ಕೂಸಿನ ಮನೆಗಳನ್ನು ತೆರೆದಿಟ್ಟರೆ ಯಾವ ಕೌಶಲ ತರಬೇತಿಗಿಂತಲೂ ಹೆಚ್ಚು ಹೆಂಗಸರು ಕೆಲಸದಲ್ಲಿ ಉಳಿಯುತ್ತಾರೆ ಎಂದು ನಾನು ನಂಬಿದ್ದೇನೆ.

ಸಾರಿಗೆಯಲ್ಲಿ ಕರ್ನಾಟಕ ಈಗಾಗಲೇ ದೊಡ್ಡ ಕೆಲಸ ಮಾಡಿದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಪ್ರಯಾಣಗಳಾದವು. ದಿನಕ್ಕೆ ನಲವತ್ತು–ಐವತ್ತು ರೂಪಾಯಿ ಬಸ್ಸಿಗೇ ಹೋಗುತ್ತಿದ್ದವಳಿಗೆ ಅದು ತಿಂಗಳಿಗೆ ಸಾವಿರ ರೂಪಾಯಿ ಸಂಬಳ ಏರಿದಂತೆ. ಆದರೆ ಟಿಕೆಟ್ ಉಚಿತವಾದರೂ ಬೆಳಗ್ಗೆ ಆರರ ಶಿಫ್ಟಿಗೆ ಹಳ್ಳಿಯಿಂದ ಬಸ್ಸೇ ಇಲ್ಲದಿದ್ದರೆ ಯೋಜನೆ ಅವಳನ್ನು ತಲುಪುವುದಿಲ್ಲ. ಮುಂದಿನ ಹೆಜ್ಜೆ ವೇಳಾಪಟ್ಟಿಯದು.

ಇನ್ನು ತಂತ್ರಜ್ಞಾನ. ಇಲ್ಲಿ ಕೋಡಿಂಗ್, ಎಐ ಎಂದೆಲ್ಲ ಮಾತು ಹಾರುತ್ತದೆ. ನೆಲದ ಮೇಲಿನ ಪ್ರಶ್ನೆ ಫೋನು ಯಾರದ್ದು ಎಂಬುದು. 2019–20ರಲ್ಲಿ ರಾಜ್ಯದಲ್ಲಿ ಅದೇ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದ ಹೆಂಗಸರು ಶೇ 35, ಗಂಡಸರು ಶೇ 62.4. ಆಮೇಲೆ ಫೋನುಗಳು ಹೆಚ್ಚಿವೆ, ಆದರೆ ಮನೆಯಲ್ಲಿ ಇರುವ ಒಂದು ಸ್ಮಾರ್ಟ್‌ಫೋನ್ ಅಣ್ಣನ ಕೈಯಲ್ಲೇ ಇರುವುದು ತಪ್ಪಿಲ್ಲ. ಇದರ ಪರಿಣಾಮವನ್ನು ಪಿಎಫ್ ವಿಷಯದಲ್ಲಿ ನೋಡಿ. ಕೆಲಸಕ್ಕೆ ಸೇರುವಾಗ ಹುಡುಗಿ ಅಪ್ಪನದೋ ಅಣ್ಣನದೋ ನಂಬರ್ ಕೊಟ್ಟಿರುತ್ತಾಳೆ, ಆಧಾರಿಗೂ ಅದೇ ನಂಬರ್. ಮೂರು ವರ್ಷ ದುಡಿದು, ಮದುವೆಯಾಗಿ ಬೇರೆ ಊರಿಗೆ ಹೋಗಿ, ಪಿಎಫ್ ತೆಗೆಯಲು ಕುಳಿತರೆ ಓಟಿಪಿ ಹೋಗುವುದು ಅಣ್ಣನ ಫೋನಿಗೆ. ಇನ್ನು ಗಂಡನ ಹೆಸರು ಸೇರಿಸಿ ಆಧಾರ್ ಬದಲಿಸಿದ್ದರೆ ಹೆಸರು ಹೊಂದುತ್ತಿಲ್ಲ ಎಂದು ಅರ್ಜಿ ತಿರಸ್ಕೃತ. ಕೊನೆಗೆ ಸೈಬರ್ ಸೆಂಟರ್‌ನವರ ಕೈಗೆ ಪಾಸ್‌ವರ್ಡ್, ಓಟಿಪಿ ಎಲ್ಲ ಒಪ್ಪಿಸಿ, ದುಡ್ಡೂ ಕೊಟ್ಟು, ಸ್ವಂತ ದುಡಿಮೆಯ ಹಣಕ್ಕೆ ಬೇಡಿಕೊಂಡಂತೆ ಕಾಯಬೇಕು.

ಆ ಹಣ ಅವರಿಗೆ ಎಷ್ಟು ಮುಖ್ಯ ಎನ್ನುವುದನ್ನು 2016ರ ಏಪ್ರಿಲ್ ತೋರಿಸಿಕೊಟ್ಟಿತು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಬದಲಿಸಿದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಮಷೀನ್ ಬಿಟ್ಟೆದ್ದು ರಸ್ತೆಗಿಳಿದರು. ಹೊಸೂರು ರಸ್ತೆ, ಮೈಸೂರು ರಸ್ತೆ, ತುಮಕೂರು ರಸ್ತೆ ಎಲ್ಲ ನಿಂತವು. ಎರಡನೇ ದಿನವೇ ಕೇಂದ್ರ ಆ ನಿಯಮವನ್ನು ವಾಪಸ್ ಪಡೆಯಿತು. ಅಷ್ಟು ಸಿಟ್ಟು ಯಾಕೆ? ಮಕ್ಕಳ ಫೀಸು, ಕೈಸಾಲ, ಚೀಟಿ ದುಡ್ಡು, ಮಗಳ ಮದುವೆಗೆಂದು ಅವರ ಬಳಿ ಒಟ್ಟಾಗಿ ಕೈಗೆ ಬರುವ ಹಣ ಅದೊಂದೇ. ಕೆಲಸಕ್ಕೆ ರಾಜೀನಾಮೆ ಕೊಟ್ಟು ಪಿಎಫ್ ತೆಗೆದು, ಪಕ್ಕದ ಕಾರ್ಖಾನೆಗೆ ಹೊಸದಾಗಿ ಸೇರುವ ರೂಢಿಯೂ ಇದೆ. ಹಾಗೆ ಸೇರಿದವಳ ಹಳೆಯ ಸೇವಾವಧಿ, ಗ್ರಾಚುಯಿಟಿ ಎಲ್ಲ ಸೊನ್ನೆಗೆ ಬರುತ್ತದೆ. ಹೆಂಗಸರು ಒಂದು ಕಡೆ ನಿಲ್ಲುವುದಿಲ್ಲ ಎಂದು ದೂರುವ ಮ್ಯಾನೇಜರ್‌ಗಳಿಗೆ ಇದೂ ಗೊತ್ತಿರಬೇಕು.

ಆದ್ದರಿಂದ ಡಿಜಿಟಲ್ ತರಬೇತಿ ಎಂದರೆ ಮೊದಲಿಗೆ ಸ್ವಂತ ಸಿಮ್, ಸ್ವಂತ ನಂಬರ್ ಜೋಡಿಸಿದ ಆಧಾರ್, ತಾನೇ ನಡೆಸುವ ಬ್ಯಾಂಕ್ ಖಾತೆ, ಪಿಎಫ್ ಸದಸ್ಯ ಸಂಖ್ಯೆಯಾದ ಯುಎಎನ್ ಹಾಕಿ ತನ್ನ ಕಂಪನಿ ಈ ತಿಂಗಳು ಪಿಎಫ್ ಕಟ್ಟಿದೆಯೇ ಎಂದು ನೋಡಿಕೊಳ್ಳುವುದು, ಪೇಸ್ಲಿಪ್‌ನ ಪ್ರತಿ ಸಾಲಿನ ಅರ್ಥ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರ್ ಕೂಡ ಬಂದಿದೆ. ಹುಡುಗಿಯರು ಮನೆಯಲ್ಲಿ ಅಡ್ಡಿಯಿಲ್ಲದೆ ಹೋಗಬಹುದಾದ ಜಾಗ ಅದು. ಎರಡು ಭಾನುವಾರ ಸಾಕು ಇಷ್ಟನ್ನು ಕಲಿಸಲು.

ಕೌಶಲದ ಆಯ್ಕೆಯಲ್ಲೂ ಹಳೆಯ ಗೆರೆ ಅಳಿಸಿಲ್ಲ. ಉಜಿರೆಯಲ್ಲಿ 1982ರಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ದೇಶಕ್ಕೇ ಮಾದರಿಯಾಯಿತು, ಅಲ್ಲಿ ಕಲಿತು ಸ್ವಂತ ಕಾಲಮೇಲೆ ನಿಂತ ಹೆಂಗಸರು ಬಹಳ ಮಂದಿ. ಆದರೂ ರಾಜ್ಯದ ಯಾವ ತರಬೇತಿ ಕೇಂದ್ರಕ್ಕೆ ಹೋದರೂ ಹೆಂಗಸರ ಬ್ಯಾಚ್ ಎಂದರೆ ಹೆಚ್ಚಾಗಿ ಹೊಲಿಗೆ, ಬ್ಯೂಟಿ ಪಾರ್ಲರ್. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ತರಗತಿಗಳಲ್ಲಿ ಹುಡುಗಿಯರು ಬೆರಳೆಣಿಕೆ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ 4,600 ಕೋಟಿ ರೂಪಾಯಿಗೂ ಹೆಚ್ಚು ಖರ್ಚಿನಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು (ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು) ಮೇಲ್ದರ್ಜೆಗೆ ಏರಿಸಲಾಗಿದೆ; ಕಂಪ್ಯೂಟರ್ ನಿಯಂತ್ರಿಸುವ ಸಿಎನ್‌ಸಿ ಮಷೀನು, ರೊಬೊಟಿಕ್ಸ್ ಬಂದಿವೆ. ಸಿಎನ್‌ಸಿ ನಡೆಸಲು ತೋಳ್ಬಲ ಬೇಕಿಲ್ಲ, ಡ್ರಾಯಿಂಗ್ ಓದಲು ಬರಬೇಕು. ಮೆಷಿನ್ ಸೆಟ್ಟಿಂಗ್, ಮೇಂಟೆನೆನ್ಸ್, ಕ್ವಾಲಿಟಿ ಕೆಲಸದವರು ಲೈನ್‌ನವರಂತೆ ಎರಡು ವರ್ಷಕ್ಕೆ ಬದಲಾಗುವವರಲ್ಲ, ಅವರನ್ನು ಕಂಪನಿಯೇ ಉಳಿಸಿಕೊಳ್ಳುತ್ತದೆ. ಲೈನ್ ಬಿಟ್ಟು ಮೇಲೇರುವ ದಾರಿ ಇದೇ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯ ಮನೆಗೆ ಹೋಗಿ ಇದನ್ನು ಹೇಳುವವರು, ಐಟಿಐ ಹತ್ತಿರ ಹಾಸ್ಟೆಲ್ ಕೊಡುವವರು ಬೇಕು.

ದೇಶದಲ್ಲಿ ದುಡಿಯುವ ಅಥವಾ ಕೆಲಸ ಹುಡುಕುತ್ತಿರುವ ಹೆಂಗಸರ ಪ್ರಮಾಣ 2017–18ರ ಶೇ 23.3ರಿಂದ 2023–24ರಲ್ಲಿ ಶೇ 41.7ಕ್ಕೆ ಏರಿದೆ ಎಂದು ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆ ಹೇಳುತ್ತದೆ. ಏರಿಕೆಯ ದೊಡ್ಡ ಭಾಗ ಹಳ್ಳಿಗಳದ್ದು, ಸ್ವಂತ ಹೊಲ, ಅಂಗಡಿ, ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರೂ ಇದರಲ್ಲಿ ಸೇರಿದ್ದಾರೆ. ತಿಂಗಳ ಸಂಬಳ, ಪಿಎಫ್, ಇಎಸ್‌ಐ ಇರುವ ಕೆಲಸ ಬೇರೆಯೇ. ಕಾರ್ಖಾನೆಗಳು ಮುಖ್ಯವಾಗುವುದು ಅದಕ್ಕೇ, ಅವುಗಳ ಮೇಲೆ ಸರ್ಕಾರಕ್ಕೆ ಹಿಡಿತವಿರುವುದೂ ಅಲ್ಲೇ. ಭೂಮಿ, ವಿದ್ಯುತ್ ರಿಯಾಯಿತಿ, ತೆರಿಗೆ ವಿನಾಯಿತಿ, ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಎಲ್ಲ ಕೊಡುವುದು ಸಾರ್ವಜನಿಕರ ಹಣದಿಂದ. ಕೊಡುವಾಗ ಲೆಕ್ಕ ಹಾಕುವುದು ಎಷ್ಟು ಮಂದಿಗೆ ಉದ್ಯೋಗ ಎಂದು. ಅದೇ ಕುರ್ಚಿಯಲ್ಲಿ ಐದು ವರ್ಷದಲ್ಲಿ ಮೂರು ಹುಡುಗಿಯರು ಬದಲಾಗಿ ಹೋದರೂ ಲೆಕ್ಕದಲ್ಲಿ ಉದ್ಯೋಗ ಒಂದೇ.

ಇದನ್ನು ಬದಲಿಸಲು ಹೊಸ ಸಮೀಕ್ಷೆ ಬೇಕಿಲ್ಲ. ಯಾರು ಹೊಸದಾಗಿ ಸೇರಿದರು, ಯಾರು ಬಿಟ್ಟರು, ಅವರಲ್ಲಿ ಹೆಂಗಸರೆಷ್ಟು, ವಯಸ್ಸೆಷ್ಟು ಎಂಬುದನ್ನು ಪಿಎಫ್ ಸಂಸ್ಥೆ ಪ್ರತಿ ತಿಂಗಳು ಪ್ರಕಟಿಸುತ್ತದೆ. ಕಾರ್ಖಾನೆವಾರು ಅದೇ ಮಾಹಿತಿ ಅದರ ಕಂಪ್ಯೂಟರ್‌ಗಳಲ್ಲಿ ಇದ್ದೇ ಇದೆ. ಪ್ರೋತ್ಸಾಹಧನದ ಕೊನೆಯ ಕಂತನ್ನು ಮೂರು ಲೆಕ್ಕಗಳಿಗೆ ಕಟ್ಟಬಹುದು: ಸೇರಿ ಐದು ವರ್ಷವಾದ ಮೇಲೂ ಪಿಎಫ್ ಕಟ್ಟುತ್ತಿರುವ ಹೆಂಗಸರು ಎಷ್ಟು, ಮೂವತ್ತು ದಾಟಿದವರು ಎಷ್ಟು, ಸೂಪರ್‌ವೈಸರ್ ಮತ್ತು ಅದಕ್ಕಿಂತ ಮೇಲಿನ ಹುದ್ದೆಯಲ್ಲಿರುವವರು ಎಷ್ಟು. ದೇವನಹಳ್ಳಿಯ ಲೈನ್‌ಗೆ 2025ರಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಸೇರಿದ ಹುಡುಗಿಯರಿಗೆ 2030ರ ಹೊತ್ತಿಗೆ ಇಪ್ಪತ್ತೈದು ಆಗುತ್ತದೆ. ಅಷ್ಟರೊಳಗೆ ಈ ಷರತ್ತು ಒಪ್ಪಂದದಲ್ಲಿ ಸೇರಿರಬೇಕು.